ಬೊಬ್ಬರ್ಯನಿಗೆ ತಲೆಬಾಗಿದ ಹಡಗು

ಮಂಜಯ್ಯ ಶೆಟ್ಟರನ್ನು ನಾನು ಮೊದಲು ಕಂಡದ್ದು ೧೯೬೧ರ ಮೇ ತಿಂಗಳಿನಲ್ಲಿ, ಅವರ ತಾಯಿ ಗುಲಾಬಿ ಶೆಡ್ತಿಯವರ ಚಾವಡಿಯಲ್ಲಿ. ನಾವುಂದದ ಶಾಲೆಗೆ ವರ್ಗವಾಗಿ ಬಂದು ನನಗೆ ಆಗ ವರ್ಷವೂ ತುಂಬಿರಲಿಲ್ಲ. ಹೊಸ ಮಾಷ್ಟ್ರ ಅಕ್ಷರ ಮುತ್ತಿನ ಹಾಗಿದೆ ಎಂಬ ಸುದ್ದಿ ಊರೆಲ್ಲ ಹಬ್ಬಿತ್ತು. ಶೆಡ್ತಿಯವರು ನನ್ನನ್ನು ಕರೆಸಿದ್ದು ಒಂದು ಫೋಟೋದ ಕೆಳಗೆ ಹೆಸರು ಬರೆಸುವುದಕ್ಕಾಗಿ.

ಫೋಟೋದಲ್ಲಿದ್ದ ತರುಣನು ಹಿತ್ತಾಳೆ ಗುಂಡಿಗಳ ಬಿಳಿಯ ಕೋಟು ತೊಟ್ಟಿದ್ದ. ತಲೆಯ ಮೇಲೆ ಹಡಗಿನ ಅಧಿಕಾರಿಗಳ ಟೊಪ್ಪಿ. ಅದು ಕಿವಿಯವರೆಗೆ ಇಳಿದಿತ್ತು, ಅದರ ಮುಂದಿನ ಲಂಗರಿನ ಬಿಲ್ಲೆ ಎಡಕ್ಕೆ ವಾಲಿ ಇನ್ನೇನು ಬೀಳುವಂತಿತ್ತು. ಹಿಂದೆ ಪರದೆಯಲ್ಲಿ ಬರೆದ ಕಡಲು. ಅದೇ ತರುಣನು ಚಾವಡಿಯ ಮೂಲೆಯಲ್ಲಿ ಬೈರಾಸು ಸುತ್ತಿಕೊಂಡು, ಕೈಗೆ ಎಣ್ಣೆ ಹಚ್ಚಿಕೊಂಡು, ಹಲಸಿನ ಹಣ್ಣು ಬಿಡಿಸುತ್ತ ಕುಳಿತಿದ್ದ.

"ಕ್ಯಾಪ್ಟನ್ ಮಂಜಯ್ಯ ಶೆಟ್ಟಿ ಅಂದೇಳಿ ಬರೀನಿ ಮಾಷ್ಟ್ರೇ. ದೊಡ್ಡ ಅಕ್ಷರದಗೆ" ಎಂದರು ಶೆಡ್ತಿಯವರು.

ನಾನು ಮೂಲೆಯ ಕಡೆ ನೋಡಿದೆ. ತರುಣನು ಹಣ್ಣಿನೊಳಗೆ ಏನನ್ನೋ ಬಹಳ ಆಳವಾಗಿ ಹುಡುಕತೊಡಗಿ, ತಲೆಯೆತ್ತದೆ, "ಅಬ್ಬಿ ಹೇಳ್ದಂಗೆ ಬರೀನಿ" ಎಂದ. ಆ ಕಡೆ ಅಬ್ಬಿಯೆಂದರೆ ತಾಯಿ.

ನಾನು ಬರೆದೆ. ಆ ಸುಳ್ಳಿಗೆ ಅಕ್ಷರರೂಪ ಕೊಟ್ಟವನು ನಾನೇ ಆದುದರಿಂದ, ಮುಂದಿನದನ್ನು ಹೇಳುವ ಹೊಣೆಯೂ ನನ್ನದೇ. ನಂತರದ ವರ್ಷಗಳಲ್ಲಿ ಶೆಟ್ಟರೇ ಕಂತುಕಂತಾಗಿ ನನಗೆ ಹೇಳಿದ್ದು ಇದು. ಈಗ ಅವರನ್ನು ಬಹುವಚನದಿಂದ ಕರೆಯಬೇಕಾದ ವಯಸ್ಸಾಗಿದೆ. ಕಥೆ ನಡೆದಾಗ ಇಪ್ಪತ್ತೇಳರ ಹುಡುಗ, ಆದುದರಿಂದ ಏಕವಚನಕ್ಕೆ ಕ್ಷಮೆಯಿರಲಿ.

ಮಂಜಯ್ಯ ಹದಿನಾರನೆಯ ವಯಸ್ಸಿಗೆ ಮುಂಬಯಿಗೆ ಹೋದ. ಆ ಕಾಲದಲ್ಲಿ ನಮ್ಮ ಕಡೆಯ ಗದ್ದೆಮನೆಗಳ ಹುಡುಗರೆಲ್ಲ ಹೋದಂತೆ ಅವನೂ ಹೋಟೆಲಿಗೇ ಹೋದದ್ದು. ಆದರೆ ಆ ಹೋಟೆಲು ಬಂದರಿನ ಗೇಟಿನೆದುರು ಇತ್ತು. ಚಹಾ ಕೊಡುತ್ತ ಕೊಡುತ್ತ ಅವನು ಹಡಗಿನವರ ಪರಿಚಯ ಮಾಡಿಕೊಂಡ. ಮೊದಲು ಹಡಗಿನ ಅಡುಗೆಮನೆಗೆ ಸೇರಿದ, ಅಲ್ಲಿಂದ ಮೇಲಿನ ಅಟ್ಟಕ್ಕೆ ಬಂದ, ಎಂಟು ವರ್ಷದಲ್ಲಿ ಸುಕಾಣಿಯಾದ. ಸುಕಾಣಿಯೆಂದರೆ ಹಡಗಿನ ಚಕ್ರ ಹಿಡಿಯುವವನು. ಎಡಕ್ಕೆ ಎಂದರೆ ಎಡಕ್ಕೆ, ಬಲಕ್ಕೆ ಎಂದರೆ ಬಲಕ್ಕೆ ತಿರುಗಿಸುವುದಷ್ಟೇ ಅವನ ಕೆಲಸ. ಹಾಗೆನ್ನುವವನು ಕ್ಯಾಪ್ಟನ್.

ಮಂಜಯ್ಯ ತಾನು ಕ್ಯಾಪ್ಟನೆಂದು ಯಾರಿಗೂ ಹೇಳಿರಲಿಲ್ಲ. ಅಬ್ಬಿ ಕೇಳಿದ್ದಕ್ಕೆ, "ಹಡಗ್ ತಿರ್ಗ್ಸುವವ ನಾನೇ" ಎಂದಿದ್ದ. ಅದರಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ. ಅದರ ಜೊತೆಗೆ ಆ ಫೋಟೋ ಬಂತು. ಮುಂಬಯಿಯ ಸ್ಟುಡಿಯೋದವನು ಗೋಡೆಯ ಮೊಳೆಗೆ ಆ ಕೋಟನ್ನೂ ಟೊಪ್ಪಿಯನ್ನೂ ಗಿರಾಕಿಗಳಿಗಾಗಿಯೇ ನೇತುಹಾಕಿದ್ದನೆಂಬುದು ನಾವುಂದಕ್ಕೆ ಹೇಗೆ ತಿಳಿಯಬೇಕು? ಮಿಕ್ಕದ್ದನ್ನು ಊರೇ ಪೂರೈಸಿತು. ತಿದ್ದಲು ಹೋದರೆ ಅಬ್ಬಿಯ ಮುಖ ಬಾಡುವುದೆಂದು ಮಂಜಯ್ಯ ಪ್ರತಿ ಸಲವೂ ಮುಂದಿನ ರಜೆಯಲ್ಲಿ ತಿದ್ದುವುದೆಂದುಕೊಂಡು ಹಡಗು ಹತ್ತುತ್ತಿದ್ದ.

ಹೀಗಿರುವಾಗ ಹಟ್ಟಿಯಂಗಡಿಯಿಂದ ಒಂದು ಸಂಬಂಧ ಬಂತು. ಹುಡುಗಿ ಕುಸುಮಾವತಿ. ಅವರ ಮನೆಯಲ್ಲಿ ಅಳಿಯಕಟ್ಟಿನ ಪದ್ಧತಿಯಂತೆ ಮಾತು ನಡೆಯುವುದು ಆಕೆಯ ಸೋದರಮಾವ ಭೋಜರಾಜ ಶೆಟ್ಟರದು. ಅವರಿಗೆ ಅಳಿಯನ ಉದ್ಯೋಗ ಬಲು ಮೆಚ್ಚಿಕೆಯಾಯಿತು. ಹೋಟೆಲಿನವರು ಬೇಕಷ್ಟು ಸಿಕ್ಕುತ್ತಾರೆ, ಹಡಗಿನ ಕ್ಯಾಪ್ಟನ್ ಕುಂದಾಪುರ ತಾಲೂಕಿನಲ್ಲೇ ಎಲ್ಲಿದ್ದಾನೆ ಎಂದು ಅವರು ಸಂತೆಯಲ್ಲಿ ನಾಲ್ಕು ಜನರ ಮುಂದೆ ಹೇಳಿಕೊಂಡರು. ಮಂಜಯ್ಯ ಹುಡುಗಿಯನ್ನು ಒಮ್ಮೆ ನೋಡಿ ಬಂದ. ಆಕೆ ಮೊದಲೇ ಕಳುಹಿಸಿದ್ದ ಅವನ ಫೋಟೋದ ಪ್ರತಿಯನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿ, ಅವನ ಮುಖ ನೋಡಿ, ನಗೆಯನ್ನು ಸೆರಗಿನಲ್ಲಿ ತಡೆದುಕೊಂಡಳು. ಆ ನಗೆ ಅವನ ಎದೆಯಲ್ಲಿ ನಿಂತುಬಿಟ್ಟಿತು. ಅದನ್ನು ಕಳೆದುಕೊಳ್ಳುವ ಧೈರ್ಯ ಅವನಿಗಿರಲಿಲ್ಲ. ಆ ಸಲದ ರಜೆಯಲ್ಲೂ ತಿದ್ದುಪಡಿ ನಡೆಯಲಿಲ್ಲ.

೧೯೬೩ರ ಜನವರಿಯಲ್ಲಿ ಅವನ ಹಡಗು 'ರತ್ನಗೌರಿ' ಗಂಗೊಳ್ಳಿಯ ಅಳಿವೆಯ ಹೊರಗೆ ಲಂಗರು ಹಾಕಿತು. ನಾಲ್ಕು ದಿನ ಮಚವೆಯೆಂಬ ಸರಕಿನ ದೋಣಿಗಳಲ್ಲಿ ಹಂಚು ತಂದು ಅದಕ್ಕೆ ತುಂಬಿದರು. ದಡಕ್ಕಿಳಿಯಲು ಮಂಜಯ್ಯನಿಗೆ ಅಪ್ಪಣೆ ಸಿಗಲಿಲ್ಲ. ಮಚವೆಯವರ ಕೈಯಲ್ಲಿ ಅವನು ಅಬ್ಬಿಗೆ ಒಂದು ಚೀಟಿ ಕಳುಹಿಸಿದ: ಶುಕ್ರವಾರ ಹತ್ತು ಗಂಟೆಯ ಸುಮಾರಿಗೆ ನಮ್ಮ ಹಡಗು ನಾವುಂದದ ಮುಂದೆ ಹೋಗುತ್ತದೆ, ಕಡಲ ಬದಿಗೆ ಬಂದು ನಿಲ್ಲಬೇಕು, ಬಿಳಿ ವಸ್ತ್ರ ಬೀಸಬೇಕು. ಅಬ್ಬಿ ಆ ಚೀಟಿಯನ್ನು ಓದಿಸಿಕೊಂಡದ್ದು ನನ್ನಿಂದ. ಮಧ್ಯಾಹ್ನದೊಳಗೆ ಅದು ಊರಿಗೆ ಗೊತ್ತಾಗಿ, ಮರುದಿನ ಹಟ್ಟಿಯಂಗಡಿಗೂ ಮುಟ್ಟಿತು. ಭೋಜರಾಜ ಶೆಟ್ಟರು ಸೋದರಸೊಸೆಯನ್ನು ಕರೆದುಕೊಂಡು ಶುಕ್ರವಾರ ಬೆಳಗ್ಗೆಯೇ ಬಂದಿಳಿದರು. ನಾನು ಶಾಲೆಗೆ ಎರಡು ತಾಸು ಬಿಡುವು ಕೊಟ್ಟು ಮಕ್ಕಳನ್ನು ಸಾಲುಗಟ್ಟಿಸಿ ದಡದಲ್ಲಿ ನಿಲ್ಲಿಸಿದೆ. ಭೂಗೋಳದ ಪಾಠವೆಂದು ಹಾಜರಿ ಪುಸ್ತಕದಲ್ಲಿ ಬರೆದದ್ದೂ ನೆನಪಿದೆ.

ರತ್ನಗೌರಿಯ ಕ್ಯಾಪ್ಟನ್ ಫುರ್ತಾದೊ ಎಂಬ ಗೋವೆಯವರು. ದಡದಿಂದ ಮೂರು ಮೈಲಿ ದೂರ ಇರಬೇಕೆಂಬುದು ಕಂಪೆನಿಯ ಕಟ್ಟಪ್ಪಣೆ. ಕಲ್ಲಿದ್ದಲು ಉಳಿಯಲೆಂದು ಫುರ್ತಾದೊ ಒಂದೇ ಮೈಲಿ ದೂರದಲ್ಲಿ ದಾರಿ ಹಿಡಿದರು. ದಾರಿ ಹೇಳಿಕೊಟ್ಟು ಅವರು ಗಡ್ಡ ಕೆರೆಯಲು ಕೆಳಗೆ ಹೋದರು. ಕಾವಲಿದ್ದ ಮೇಟ್, ಅಂದರೆ ಎರಡನೆಯ ಅಧಿಕಾರಿ, ಹಂಚಿನ ಕಾಗದಪತ್ರ ಬರೆಯಲು ಹಿಂದಿನ ಕೋಣೆಗೆ ಹೋದ. ಹಡಗಿನವರು ಬ್ರಿಜ್ ಎಂದು ಕರೆಯುವ, ಚಕ್ರವೂ ದಿಕ್ಸೂಚಿಯೂ ಇರುವ ಆ ಎತ್ತರದ ಕೋಣೆಯಲ್ಲಿ ಮಂಜಯ್ಯ ಒಬ್ಬನೇ ಉಳಿದ.

ನಾವುಂದದ ದೋಣಿಗಳಿಗೆ ಒಂದು ಪದ್ಧತಿಯಿತ್ತು. ಕಡಲ ದಂಡೆಯಲ್ಲಿ ಬೊಬ್ಬರ್ಯನ ಕಟ್ಟೆಯಿದೆ. ಬೊಬ್ಬರ್ಯನೆಂದರೆ ಕಡಲಿಗೆ ಹೋಗುವವರನ್ನು ಕಾಯುವ ದೈವ. ಆ ಕಟ್ಟೆಯೆದುರು ಹಾದು ಹೋಗುವಾಗ ದೋಣಿಯ ಮೂತಿಯನ್ನು ಒಂದು ಚಣ ದಡಕ್ಕೆ ತಿರುಗಿಸಿ, ಕೈ ಮುಗಿದು, ಮತ್ತೆ ನೇರ ಮಾಡಿಕೊಂಡು ಹೋಗುವುದು. ಚಿಕ್ಕಂದಿನಲ್ಲಿ ಮಂಜಯ್ಯ ಊರಿನ ಮೀನುಗಾರ ಮುತ್ತನ ದೋಣಿಯಲ್ಲಿ ಹೋಗಿ ಇದನ್ನು ನೂರು ಸಲ ನೋಡಿದ್ದ. ಹಡಗು ಸೇರಿದ ಮೇಲೆ ಹಗಲಿನಲ್ಲಿ, ಇಷ್ಟು ಹತ್ತಿರದಲ್ಲಿ, ಈ ದಾರಿಯಾಗಿ ಬಂದದ್ದು ಇದೇ ಮೊದಲು. ಬೊಬ್ಬರ್ಯನಿಗೆ ಮುಖ ತೋರಿಸದೆ ಹೋಗಲು ಅವನ ಮನಸ್ಸು ಒಪ್ಪಲಿಲ್ಲ. ಚಕ್ರವನ್ನು ಬಲಕ್ಕೆ ತುಸು ತಿರುಗಿಸಿ, ಕೈ ಬಿಟ್ಟು, ಎರಡೂ ಕೈ ಜೋಡಿಸಿದ.

ದೋಣಿಯಾದರೆ ಒಂದು ಹುಟ್ಟಿಗೆ ತಿರುಗುತ್ತದೆ, ಇನ್ನೊಂದು ಹುಟ್ಟಿಗೆ ನೇರವಾಗುತ್ತದೆ. ಹಂಚು ತುಂಬಿದ ಹಡಗು ಹಾಗಲ್ಲ. ಅದು ಹೇಳಿದ್ದನ್ನು ನಿಧಾನವಾಗಿ ಕೇಳುತ್ತದೆ, ಕೇಳಿದ ಮೇಲೆ ಬೇಗ ಬಿಡುವುದಿಲ್ಲ. ಮಂಜಯ್ಯ ಕೈ ಮುಗಿದು, ಮದುವೆ ಸುಸೂತ್ರವಾಗಲೆಂದು ಬೇಡಿಕೊಂಡು, ಕಣ್ಣು ತೆರೆದು ಅಬ್ಬಿಯ ಬಿಳಿ ವಸ್ತ್ರವನ್ನು ಹುಡುಕಿದ. ಕಂಡಿತು. ಪಕ್ಕದಲ್ಲಿ ಒಂದು ಕೊಡೆ, ಅದು ಭೋಜರಾಜ ಶೆಟ್ಟರದಿರಬೇಕು. ಕೊಡೆಯ ಪಕ್ಕದಲ್ಲಿ ಒಂದು ಹಸುರು ಸೀರೆ. ಆ ಸೀರೆ ಯಾರದೆಂದು ತೀರ್ಮಾನಿಸುವಷ್ಟರಲ್ಲಿ ನಾಲ್ಕೈದು ನಿಮಿಷ ಕಳೆದಿತ್ತು. ಅವನು ಚಕ್ರ ತಿರುಗಿಸಿದ. ಹಡಗು ಯೋಚಿಸುತ್ತಿದ್ದಂತೆ, ಉತ್ತ ಗದ್ದೆಗೆ ಇಳಿದ ಗಾಡಿಯ ಹಾಗೆ ಮೆತ್ತಗೆ ನಿಂತಿತು. ಹಿಂದಿನ ಕೋಣೆಯಲ್ಲಿ ಮೇಟನ ಚಹಾದ ಗ್ಲಾಸು ಮೇಜಿನ ಆಚೆ ತುದಿಗೆ ಜಾರಿತು.

ಹಡಗು ನಿಂತದ್ದು ಸರಿಯಾಗಿ ಬೊಬ್ಬರ್ಯನ ಕಟ್ಟೆಯ ಕಡೆಗೇ ಮುಖ ಮಾಡಿ.

ಮೇಟ್ ಓಡಿ ಬಂದವನೇ ಎಂಜಿನು ಕೋಣೆಗೆ ಆಜ್ಞೆ ಕಳುಹಿಸುವ ಹಿತ್ತಾಳೆಯ ಹಿಡಿಗೆ ಕೈ ಹಾಕಿ, ಪೂರ್ತಿ ಹಿಂದಕ್ಕೆ ಎಂದು ಎಳೆಯಲು ಹೊರಟ. ಅಷ್ಟರಲ್ಲಿ ಫುರ್ತಾದೊ ಮೇಲೆ ಬಂದರು. ಟೊಪ್ಪಿ ತಲೆಯ ಮೇಲಿತ್ತು, ಒಂದು ಕೆನ್ನೆ ನುಣ್ಣಗಿತ್ತು, ಇನ್ನೊಂದರ ತುಂಬ ಸಾಬೂನಿನ ನೊರೆ. ಅವರು ಮೇಟನ ಕೈಯನ್ನು ತಡೆದರು. ಮರಳಿನ ಮೇಲೆ ಅವಸರದಿಂದ ಹಿಂದಕ್ಕೆ ತಿರುಗಿಸಿದರೆ, ನೀರಡಿಯ ಪಂಖದ ಹೊಡೆತಕ್ಕೆ ಎದ್ದ ಮರಳು ಹಡಗಿನ ಹೊಟ್ಟೆಯಡಿಯೇ ರಾಶಿ ಬೀಳುತ್ತದೆ, ಎಂಜಿನಿಗೂ ಮರಳು ಹೋಗುತ್ತದೆ. ಮೊದಲು ನಿಲ್ಲಿಸು ಎಂದರು. ಗಂಟೆ ಬಾರಿಸಿತು, ಎಂಜಿನು ಸುಮ್ಮನಾಯಿತು. ಆ ನಿಶ್ಶಬ್ದದಲ್ಲಿ ದಡದ ಮಕ್ಕಳು ಚಪ್ಪಾಳೆ ತಟ್ಟಿದ್ದು ಬ್ರಿಜ್‌ಗೆ ಸ್ಪಷ್ಟವಾಗಿ ಕೇಳಿಸಿತಂತೆ. ಹಡಗು ತಮಗಾಗಿಯೇ ನಿಂತಿತೆಂದು ಮಕ್ಕಳು ತಿಳಿದಿದ್ದರು. ನಿಜ ಹೇಳುವುದಾದರೆ ನಾನೂ ಹಾಗೆಯೇ ತಿಳಿದಿದ್ದೆ.

ಫುರ್ತಾದೊ ಗಡಿಯಾರ ನೋಡಿ ಸಮಯ ಬರೆಸಿದರು: ಒಂಬತ್ತು ಐವತ್ತೆರಡು. ದಿಕ್ಸೂಚಿ ನೋಡಿದರು. ಆಮೇಲೆ ಮಂಜಯ್ಯನನ್ನು ನೋಡಿದರು. ಉಗ್ರಾಣಕ್ಕೆ ನೀರು ನುಗ್ಗಿದೆಯೇ ನೋಡಿ ಬರಲು ಒಬ್ಬನನ್ನು ಅಟ್ಟಿದರು. ಮರಳಿಗೆ ಹತ್ತಿದ ಹಡಗಿನ ಗುರುತಾಗಿ ಮೂರು ಕಪ್ಪು ಚೆಂಡುಗಳನ್ನು ಕಂಬಕ್ಕೇರಿಸಲು ಹೇಳಿದರು. ತಿರುಗಿಸುವ ಕೆಲಸವಿಲ್ಲದ ಸುಕಾಣಿಯ ಕೈಗೆ ಸೀಸದ ಗುಂಡಿನ ಹಗ್ಗ ಕೊಟ್ಟು, ಸುತ್ತಲೂ ನೀರಿನ ಆಳ ಅಳೆದು ಬರಲು ಕಳುಹಿಸಿದರು.

ಮಂಜಯ್ಯ ಅಳೆದ. ಮುಂದೆ ಒಂದೂಕಾಲು ಮಾರು ನೀರು, ಗುಂಡಿನ ತಳಕ್ಕೆ ಮೆತ್ತಿದ ಕೊಬ್ಬಿಗೆ ಬರಿಯ ಮರಳು ಅಂಟಿಬಂತು. ನಡುವೆ ಎರಡು ಮಾರು. ಹಿಂದೆ ಮೂರು. ಎಂದರೆ ಹಡಗು ತಲೆಯನ್ನು ಮಾತ್ರ ದಿಣ್ಣೆಯ ಮೇಲೆ ಇಟ್ಟಿದೆ, ಬಾಲ ಇನ್ನೂ ತೇಲುತ್ತಿದೆ. ಉಗ್ರಾಣದಲ್ಲಿ ನೀರಿಲ್ಲವೆಂಬ ವರದಿಯೂ ಬಂತು. ಫುರ್ತಾದೊ ಮೊದಲ ಬಾರಿ ಉಸಿರು ಬಿಟ್ಟು, ಭರತ ಯಾವಾಗ ತುಂಬುವುದೆಂದು ಕೇಳಿದರು. ಮೇಟನ ಪುಸ್ತಕದಲ್ಲಿ ಮಂಗಳೂರಿತ್ತು, ಕಾರವಾರವಿತ್ತು, ನಾವುಂದವಿರಲಿಲ್ಲ.

"ಈ ಊರು ನಿನಗೆ ಗೊತ್ತೋ?" ಎಂದು ಕ್ಯಾಪ್ಟನರು ಮುಂಬಯಿಯ ಹಿಂದಿಯಲ್ಲಿ ಕೇಳಿದರು.

ಮಂಜಯ್ಯ ತೆಂಗಿನ ತೋಟದ ನಡುವೆ ಕಾಣುವ ಒಂದು ಮಾಡನ್ನು ಬೆರಳಿನಿಂದ ತೋರಿಸಿದ. ತನ್ನ ಮನೆ ಎಂದ. ಫುರ್ತಾದೊ ಆ ಮನೆಯನ್ನೂ, ದಡದಲ್ಲಿ ನೆರೆದ ಜನವನ್ನೂ, ಮತ್ತೊಮ್ಮೆ ದಿಕ್ಸೂಚಿಯನ್ನೂ ನೋಡಿದರು. ಅರ್ಧ ಕಥೆ ಅವರಿಗೆ ಆಗಲೇ ಅರ್ಥವಾಯಿತು.

ಉಳಿದರ್ಧವನ್ನು ಮುತ್ತ ತಂದ. ಅವನ ಹಿಂದೆ ಎಂಟು ದೋಣಿಗಳು ಬಂದಿದ್ದುವು. ಮುತ್ತನು ಹಡಗಿನ ಪಕ್ಕಕ್ಕೆ ಬಂದು, ಕೈಯನ್ನು ಹಣೆಗೆ ಅಡ್ಡ ಹಿಡಿದು ಮೇಲೆ ನೋಡಿ ಕೂಗಿದ: "ಹ್ವಾಯ್, ಕ್ಯಾಪ್ಟನ್ರೇ! ಎಂತ, ಮನಿಗ್ ಬಪ್ಪುಕೆ ಹಡ್ಗೇ ತಂದ್ರ್ಯಾ?"

ಕ್ಯಾಪ್ಟನ್ ಎಂಬ ಶಬ್ದ ಎಲ್ಲ ಭಾಷೆಗಳಲ್ಲೂ ಒಂದೇ. ಫುರ್ತಾದೊ ಹಡಗಿನ ಅಂಚಿನ ಕಟಾಂಜನಕ್ಕೆ ಬಂದು, ನಾನೇ ಎಂಬಂತೆ ಎದೆ ಮುಟ್ಟಿಕೊಂಡರು. ಮುತ್ತನ ಕಣ್ಣು ಅವರನ್ನು ದಾಟಿ ಮಂಜಯ್ಯನಲ್ಲೇ ನಿಂತಿತು. "ಆ ಅರ್ಧ ಗಡ್ಡದವ ಯಾರ್?" ಎಂದು ಅವನು ಕೇಳಿದ.

ಮಂಜಯ್ಯ ದಡದ ಕಡೆ ನೋಡಿದ. ದಡದಲ್ಲಿ ಕೊಡೆಯಿತ್ತು, ಕೊಡೆಯ ಪಕ್ಕದಲ್ಲಿ ಹಸುರು ಸೀರೆಯಿತ್ತು. ಇವರೇ ಕ್ಯಾಪ್ಟನ್ ಎಂದರೆ ಆ ಮಾತು ಎಂಟು ದೋಣಿಗಳಲ್ಲಿ ಕುಳಿತು ಕಾಲು ಗಂಟೆಯೊಳಗೆ ದಡ ಸೇರುವುದು, ಮದುವೆ ಅಲ್ಲಿಗೆ ಮುಗಿಯುವುದು. ಏನು ಹೇಳುತ್ತಿದ್ದಾರೆ ಎಂದು ಫುರ್ತಾದೊ ಕೇಳಿದರು. ಮಂಜಯ್ಯ ಹೇಳಿದ. ಫೋಟೋ, ಅಬ್ಬಿ, ಕುಸುಮಾವತಿ, ಬೊಬ್ಬರ್ಯ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಅಷ್ಟು ಸತ್ಯವನ್ನು ಅಷ್ಟು ಬೇಗ ಅವನು ಜನ್ಮದಲ್ಲಿ ಹೇಳಿರಲಿಲ್ಲ.

ಕೋಪ ಮಾಡಿಕೊಳ್ಳಲು ಪುರುಸೊತ್ತು ಬೇಕು. ಫುರ್ತಾದೊ ಅವರಿಗೆ ಇದ್ದದ್ದು ಭರತ ತುಂಬುವವರೆಗಿನ ಹೊತ್ತು ಮಾತ್ರ. ದೋಣಿಗಳು ಬೇಕು, ದೋಣಿಯವರು ಈ ಸುಕಾಣಿಯ ಮಾತನ್ನಲ್ಲದೆ ಕೇಳುವಂತೆ ಕಾಣುವುದಿಲ್ಲ. ಅವರು ತಮ್ಮ ಟೊಪ್ಪಿಯನ್ನು ತೆಗೆದು ಮಂಜಯ್ಯನ ತಲೆಗೆ ಒತ್ತಿದರು.

"ಹಡಗು ಬಿಡುವವರೆಗೆ ನೀನೇ ಕ್ಯಾಪ್ಟನ್. ಬಿಟ್ಟ ಮೇಲೆ ನಿನ್ನನ್ನು ನಾನು ವಿಚಾರಿಸಿಕೊಳ್ಳುತ್ತೇನೆ."

ಸ್ಟುಡಿಯೋದ ಟೊಪ್ಪಿಯಂತೆ ಇದು ಕಿವಿಗೆ ಇಳಿಯಲಿಲ್ಲ. ಬಿಗಿಯಾಗಿ ಕುಳಿತು ಹಣೆಯನ್ನು ನೋಯಿಸಿತು.

ಅಲ್ಲಿಂದ ಮುಂದೆ ಫುರ್ತಾದೊ ಕಿವಿಯಲ್ಲಿ ಹೇಳುವುದು, ಮಂಜಯ್ಯ ತಗಡಿನ ಕಹಳೆಯಲ್ಲಿ ಕೂಗುವುದು. ಭರತದ ಲೆಕ್ಕವನ್ನು ಮುತ್ತ ದೋಣಿಯಲ್ಲಿ ಕುಳಿತೇ ಹೇಳಿದ: "ಹುಣ್ಮಿಗ್ ಹನ್ನೊಂದಕ್ಕ್ ತುಂಬತ್ತ್. ತಿಥಿಗ್ ಎರಡ್ ಗಳ್ಗಿ ಹೆಚ್ಚ್. ಇವತ್ತ್ ಬಿದ್ಗಿ, ಹನ್ನೆರಡೂವರಿಗ್ ತುಂಬತ್ತ್. ನಾಳೆಗ್ ಇಷ್ಟ್ ನೀರ್ ಬತ್ತಿಲ್ಲೆ. ಇವತ್ತ್ ಬಿಟ್ರೆ ಅಮಾಸಿಗೇ ಸೈ." ಮೇಟ್ ಎರಡು ಬಂದರುಗಳ ನಡುವೆ ಭಾಗಾಕಾರ ಮಾಡಿ, ಬೆವರೊರೆಸಿಕೊಂಡು, ಹನ್ನೆರಡೂವರೆಯೇ ಇರಬಹುದೆಂದ.

ಹಡಗಿನ ಹೆಚ್ಚಿನ ಲಂಗರನ್ನು ದೂರದ ಆಳಕ್ಕೆ ಒಯ್ದು ಹಾಕಬೇಕಾಗಿತ್ತು, ಅದನ್ನು ಹಿಡಿದು ಹಡಗು ತನ್ನನ್ನೇ ಹಿಂದಕ್ಕೆ ಎಳೆದುಕೊಳ್ಳಬೇಕು. ಮುತ್ತ ರಂಪಣಿಯೆಂಬ ದೊಡ್ಡ ಬಲೆ ಒಯ್ಯುವ ಎರಡು ದೋಣಿಗಳನ್ನು ಜೋಡಿಸಿ ಕಟ್ಟಿಸಿ, ಲಂಗರನ್ನು ಅವುಗಳ ನಡುವೆ ತೂಗುಹಾಕಿಸಿ ಹೊರಟ. ಇನ್ನು ಮುಂದಿನ ಉಗ್ರಾಣದ ಭಾರ ಇಳಿಸಬೇಕು. ಹಂಚನ್ನು ಕಡಲಿಗೆ ಎಸೆಯಲು ಫುರ್ತಾದೊ ಹೇಳಿದರು. ಮಂಜಯ್ಯ ಅದನ್ನು ಕೂಗಿದಾಗ ದೋಣಿಗಳಲ್ಲಿ ಯಾರೂ ಅಲುಗಲಿಲ್ಲ.

"ಹಂಚ್ ಕಡ್ಲಿಗಾ?" ಎಂದ ಐತನೆಂಬ ಹಿರಿಯ. ಅವನ ಮನೆ ಹುಲ್ಲಿನ ಮಾಡಿನದು. "ಕ್ಯಾಪ್ಟನ್ರೇ, ನಿಮ್ ಮಂಡೆ ಸಮ ಇತ್ತಾ?"

ಮಂಜಯ್ಯ ಈ ಮಾತನ್ನು ಸ್ವಲ್ಪ ಮೃದುಮಾಡಿ ಮೇಲಿನವರಿಗೆ ದಾಟಿಸಿದ. ಫುರ್ತಾದೊ ಭುಜ ಕುಣಿಸಿ, ಹಡಗಿನಿಂದ ಹೊರಗೆ ಹಾಕಿದೆವೆಂದು ಪುಸ್ತಕದಲ್ಲಿ ಬರೆಯುತ್ತೇನೆ, ಎಲ್ಲಿ ಬಿತ್ತೆಂದು ಬರೆಯುವ ಕಾಲಂ ಅದರಲ್ಲಿಲ್ಲ ಎಂದರು. ಮತ್ತೆ ಯಾರಿಗೂ ಎರಡನೆಯ ಸಲ ಹೇಳಬೇಕಾಗಲಿಲ್ಲ. ಕೈಯಿಂದ ಕೈಗೆ ಹಂಚು ಹರಿದು ದೋಣಿ ತುಂಬಿತು, ತುಂಬಿದ ದೋಣಿ ದಡಕ್ಕೆ ಹೋಗಿ ಬರಿದಾಗಿ ಮರಳಿತು.

ಹನ್ನೊಂದೂವರೆಯ ಹೊತ್ತಿಗೆ ದಡದಲ್ಲಿ ಉಳಿದವರಿಗೂ ಸಹಾಯ ಮಾಡುವ ಆಸೆಯಾಯಿತು. ನಾವುಂದದವರಿಗೆ ಗೊತ್ತಿದ್ದ ಸಹಾಯ ಒಂದೇ. ರಂಪಣಿ ಬಲೆಯನ್ನು ಕಡಲಿಗೆ ಬಿಟ್ಟರೆ ಊರಿಗೆ ಊರೇ ಹಗ್ಗ ಹಿಡಿದು ದಡಕ್ಕೆ ಎಳೆಯುತ್ತದೆ. ಕಡಲಲ್ಲಿ ಏನೇ ಇದ್ದರೂ ಅದನ್ನು ದಡಕ್ಕೆ ಎಳೆಯುವುದೇ ರೂಢಿ. ಯಾರೋ ರಂಪಣಿಯ ಹಗ್ಗವನ್ನು ಹಡಗಿನ ಮೂತಿಗೆ ಕಟ್ಟಿಬಂದರು. ಅರುವತ್ತು ಜನ ಗಂಡಸರು ಹೆಂಗಸರು ಸೊಂಟ ಬಿಗಿದು, ತಾಳಕ್ಕೆ ಸರಿಯಾಗಿ ಎಳೆಯತೊಡಗಿದರು. ಭೋಜರಾಜ ಶೆಟ್ಟರೂ ಕೊಡೆಯನ್ನು ಸೊಸೆಯ ಕೈಗಿತ್ತು ಹಗ್ಗಕ್ಕೆ ಕೈ ಹಾಕಿದರು. ಹಡಗು ಮರಳಿನಲ್ಲಿ ಅರ್ಧ ಅಡಿ ಮುಂದೆ ಸರಿಯಿತು.

ಬ್ರಿಜ್ ಮೇಲೆ ಫುರ್ತಾದೊ ಅವರ ಮುಖ ನೊರೆಯಿಲ್ಲದ ಕಡೆಯೂ ಬಿಳುಪಾಯಿತು. ಮಂಜಯ್ಯ ಕಹಳೆ ಎತ್ತಿದ.

"ಹ್ವಾಯ್! ಎಳಿಬೇಡಿ, ಬಿಡಿ! ಇದ್ ಕಡ್ಲಿಗ್ ಹೋಯ್ಕ್, ದಡಕ್ಕಲ್ಲ!"

ಎಳೆತ ನಿಲ್ಲಲಿಲ್ಲ. ಆಮೇಲೆ ಮೀನು ಮಾರುವ ಅಕ್ಕುವಿನ ಗಂಟಲು ಎಲ್ಲರ ಮೇಲೆ ಕೇಳಿಸಿತು: "ಬಿಡಿ ಮಾರಾಯ್ರೆ, ಕ್ಯಾಪ್ಟನ್ರೇ ಹೇಳ್ತಿದ್ರ್ ಕಾಣಿ." ಅರುವತ್ತು ಜನರು ಹಗ್ಗ ಬಿಟ್ಟರು. ಸುಕಾಣಿ ಹೇಳಿದ್ದರೆ ಬಿಡುತ್ತಿದ್ದರೋ ಇಲ್ಲವೋ, ನಾನು ಹೇಳಲಾರೆ. ನನ್ನ ಕೈಯಲ್ಲೂ ಹಗ್ಗವಿತ್ತು.

ಹನ್ನೆರಡೂಕಾಲಿಗೆ ನೀರು ದಿಣ್ಣೆಯ ಮೇಲೆ ದಪ್ಪಗೆ ಬಂತು. ಹಿಂದಿನ ಲಂಗರಿನ ಹಗ್ಗ ಬಿಗಿದು ತಂತಿಯಂತೆ ಮಿಡಿಯಿತು. ಫುರ್ತಾದೊ ಎಂಜಿನನ್ನು ಮೊದಲು ನಿಧಾನವಾಗಿ, ಆಮೇಲೆ ಅರ್ಧ ವೇಗದಲ್ಲಿ ಹಿಂದಕ್ಕೆ ಓಡಿಸಿದರು. ಮಂಜಯ್ಯ ಚಕ್ರವನ್ನು ನಟ್ಟ ನಡುವೆ ಹಿಡಿದು ನಿಂತ. ಈ ಸಲ ಎರಡೂ ಕೈಗಳಿಂದ. ಹಡಗು ನಡುಗಿತು, ಒಮ್ಮೆ ನರಳಿತು, ಆಮೇಲೆ ಜಾರಿತು. ದೈವದ ಎದುರಿನಿಂದ ಬೆನ್ನು ತೋರಿಸದೆ ಸರಿಯುವ ಭಕ್ತನಂತೆ, ಬೊಬ್ಬರ್ಯನ ಕಡೆಗೇ ಮುಖವಿಟ್ಟು, ಅದು ಹಿಂದಕ್ಕೆ ಹಿಂದಕ್ಕೆ ನಡೆದು ಆಳಕ್ಕೆ ಇಳಿಯಿತು. ಗಡಿಯಾರ ಹನ್ನೆರಡು ಮೂವತ್ತೆಂಟು ತೋರಿಸುತ್ತಿತ್ತು. ನಾವೆಲ್ಲ ಕೇಕೆ ಹಾಕಿದೆವು. ಶೆಡ್ತಿಯವರು ಅತ್ತರು.

ಫುರ್ತಾದೊ ಇನ್ನೊಂದು ಕೆನ್ನೆ ಕೆರೆದು ಬಂದು ಪುಸ್ತಕ ತೆರೆದರು. ದಡದತ್ತ ಸೆಳೆಯುವ ಪ್ರವಾಹದಿಂದಾಗಿ ಹಡಗು ಮರಳಿಗೆ ಹತ್ತಿತೆಂದೂ, ಒಂಬತ್ತು ಸಾವಿರ ಹಂಚು ಹೊರಹಾಕಲಾಯಿತೆಂದೂ ಬರೆದರು. ನೀನು ತಿರುಗಿಸಿದೆ ಎಂದು ಬರೆದರೆ ಆಗ ನಾನೆಲ್ಲಿದ್ದೆನೆಂದೂ ಬರೆಯಬೇಕಾಗುತ್ತದೆ ಎಂದು ಮಂಜಯ್ಯನಿಗೆ ಹೇಳಿದರು. ಟೊಪ್ಪಿಯನ್ನು ಹಿಂದಕ್ಕೆ ಕೇಳಲಿಲ್ಲ. ತಮ್ಮಲ್ಲಿ ಇನ್ನೆರಡಿವೆ, ಮೂರರಲ್ಲಿ ಒಂದೂ ತಮ್ಮನ್ನು ಮರಳಿನಿಂದ ತಪ್ಪಿಸಲಿಲ್ಲ ಎಂದರು. ಕಂಪೆನಿ ಆ ವಿವರಣೆಯನ್ನು ಪೂರ್ತಿ ನಂಬಲಿಲ್ಲ. ಫುರ್ತಾದೊ ಅವರಿಗೆ ಬರಬೇಕಾಗಿದ್ದ ದೊಡ್ಡ ಹಡಗು ಬೇರೆಯವರಿಗೆ ಹೋಯಿತು. ಪ್ರವಾಹವನ್ನು ಮಾತ್ರ ಯಾರೂ ವಿಚಾರಣೆಗೆ ಕರೆಯಲಿಲ್ಲ.

ನಾವುಂದದ ಕಡಲ ಬದಿಯಲ್ಲಿ ಆ ಮಳೆಗಾಲಕ್ಕೆ ಮುನ್ನ ಏಳು ಹುಲ್ಲಿನ ಮಾಡುಗಳು ಹಂಚಿನವಾದುವು. ಬಿಸಿಲಲ್ಲೇ ಇದ್ದ ಬೊಬ್ಬರ್ಯನ ಕಟ್ಟೆಗೂ ಒಂದು ಮಾಡು ಬಂತು.

ಮಾರ್ಚ್ ತಿಂಗಳಲ್ಲಿ ಮಂಜಯ್ಯ ರಜೆಯ ಮೇಲೆ ಬಂದು ಹಟ್ಟಿಯಂಗಡಿಗೆ ಹೋದ. ಊರೆಲ್ಲ ಅವನನ್ನು ಹೊಗಳುತ್ತಿತ್ತು. ಭೋಜರಾಜ ಶೆಟ್ಟರೊಬ್ಬರು ಹೊಗಳಲಿಲ್ಲ. ಬೆಲ್ಲ ನೀರು ಕೊಟ್ಟು, ಎಲೆಯಡಿಕೆಯ ಕವಳದ ತಟ್ಟೆ ಮುಂದಿಟ್ಟು, ಹೊರಗೆ ನೋಡುತ್ತ ಹೇಳಿದರು: "ತಪ್ಪ್ ತಿಳ್ಕಣ್ಬೇಡಿ. ಹಡಗ್ ಬಿಡ್ಸದ್ದ್ ಊರೆಲ್ಲ ಕಂಡಿತ್ತ್. ಹತ್ಸದ್ದ್ ಯಾರ್ ಅಂದೇಳಿ ನಾನ್ ಕೇಂತೆ. ಅಷ್ಟ್ ದೊಡ್ಡ ಕಡ್ಲಗೆ ದಾರಿ ಕಾಣ್ದ ಕ್ಯಾಪ್ಟನ್ನಿಗ್ ಹೆಣ್ ಕೊಡುದ್ ಹ್ಯಾಂಗೆ?"

ಎರಡು ವರ್ಷ ಯಾವ ಮಾತಿನಿಂದ ಮದುವೆ ಮುರಿಯುವುದೆಂದು ಹೆದರಿದ್ದನೋ, ಈಗ ಅದೇ ಮಾತು ಅದನ್ನು ಉಳಿಸುವಂತೆ ಕಂಡಿತು. "ಮಾವ, ನಾನ್ ಕ್ಯಾಪ್ಟನ್ ಅಲ್ಲ" ಎಂದ ಮಂಜಯ್ಯ. "ಚಕ್ರ ಹಿಡುವವ."

ಭೋಜರಾಜ ಶೆಟ್ಟರು ಕವಳ ಬಿಟ್ಟು ಅವನನ್ನು ನೋಡಿದರು. ಒಮ್ಮೆ ಮುಖ ಕೆಂಪಾಯಿತು, ಆಮೇಲೆ ನಿಧಾನವಾಗಿ ಅರಳಿತು. "ಹಾಂಗಾರೆ ತಪ್ಪ್ ನಿಮ್ದಲ್ಲ. ಆ ಅರ್ಧ ಗಡ್ಡದವಂದ್. ಮೊದ್ಲೇ ಹೇಳುಕೆ ಆತಿಲ್ಯಾ?"

ಮಾತು ಅಲ್ಲಿಗೆ ನಿಂತಿದ್ದರೆ ಮೇ ತಿಂಗಳಿಗೆ ಮುಹೂರ್ತವಿತ್ತು. ಮಂಜಯ್ಯ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡ. ಅದು ಕರಗಲಿಲ್ಲ. ದೊಡ್ಡ ಹಡಗು ತಪ್ಪಿಹೋದ ದಿನ ಫುರ್ತಾದೊ ಎರಡೂ ಕೆನ್ನೆ ಕೆರೆಯದೆ ಬ್ರಿಜ್‌ಗೆ ಬಂದದ್ದು ಅವನಿಗೆ ನೆನಪಾಯಿತು.

"ತಪ್ಪ್ ನಂದೇ, ಮಾವ. ಅವ್ರ್ ಕೆಳಗಿದ್ದಿರ್. ಬೊಬ್ಬರ್ಯನ್ ಬದಿಗ್ ಮೂತಿ ತಿರ್ಗ್ಸದ್ದ್ ನಾನ್."

ಭೋಜರಾಜ ಶೆಟ್ಟರು ಒಂದು ವೀಳ್ಯದೆಲೆಯನ್ನು ಕೈಗೆತ್ತಿಕೊಂಡರು. ಹೇಳಿದರು: "ದೈವಕ್ಕ್ ಕೈ ಮುಗ್ದದ್ದ್ ತಪ್ಪ್ ಅಂಬುಕೆ ನಂಗ್ ಬಾಯ್ ಬತ್ತಿಲ್ಲೆ. ಸಮ ಮಾಡ್ದ್ರಿ ಅಂಬುಕೂ ಬತ್ತಿಲ್ಲೆ." ಕೋಪಿಸಿಕೊಳ್ಳಲು ಒಂದು ಕಡೆ ಸಿಗದೆ ಅವರು ಕೋಪವನ್ನೆಲ್ಲ ವೀಳ್ಯದೆಲೆಯ ನಾರಿನ ಮೇಲೆ ತೀರಿಸಿದರು. ಹುಡುಗಿಯನ್ನೇ ಕೇಳೋಣವೆಂದು ಒಳಗಿದ್ದ ಆಕೆಯನ್ನು ಕರೆದರು. ಆ ಮನೆಯಲ್ಲಿ ಹಾಗೆ ಕೇಳಿದ್ದು ಅದೇ ಮೊದಲಂತೆ.

ಕುಸುಮಾವತಿ ಎರಡು ಫೋಟೋಗಳನ್ನು ಹಿಡಿದು ಬಾಗಿಲಿಗೆ ಬಂದಳು. ಒಂದು ಮಂಜಯ್ಯನದು. ಇನ್ನೊಂದು ಆಕೆಯ ದೊಡ್ಡಮ್ಮನ ಮಗ ಚಂದಯ್ಯನದು. ಅವನು ಮುಂಬಯಿಯ ಹೋಟೆಲಿನಲ್ಲಿ ದೋಸೆ ಹೊಯ್ಯುವವನು. ಅವನ ಮೈಮೇಲೂ ಅದೇ ಬಿಳಿಯ ಕೋಟು, ಕಿವಿಗಿಳಿದ ಅದೇ ಟೊಪ್ಪಿ, ಎಡಕ್ಕೆ ವಾಲಿದ ಅದೇ ಲಂಗರಿನ ಬಿಲ್ಲೆ. ಮೊದಲ ದಿನ ಆಕೆ ಸೆರಗಿನಲ್ಲಿ ತಡೆದ ನಗೆಯ ಅರ್ಥ ಮಂಜಯ್ಯನಿಗೆ ಆಗ ತಿಳಿಯಿತು.

"ಇನ್ನ್ ಎಂತಾರೂ ಹೇಳುಕಿತ್ತಾ ಕೇಣಿ, ಮಾವ" ಎಂದಳು ಆಕೆ, ಮಂಜಯ್ಯನ ಕಡೆ ನೋಡದೆ. "ಇಲ್ಲೆ ಅಂದ್ರೆ ದಿನ ಕಾಣಿ."

ಹೇಳುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಮೇ ತಿಂಗಳಲ್ಲಿ ಮದುವೆಯಾಯಿತು. ಚಂದಯ್ಯನೂ ರಜೆ ಹಾಕಿ ಬಂದಿದ್ದ. ಅವನ ಮುಖ ಕಂಡಾಗಲೆಲ್ಲ ಮದುಮಗಳಿಗೆ ನಗೆ ಬರುತ್ತಿತ್ತು.

ಮದುವೆಯ ಮರುವಾರ ನಾನು ಶೆಡ್ತಿಯವರ ಚಾವಡಿಗೆ ಹೋಗಿ, ಫೋಟೋದ ಕೆಳಗಿನ ಬರಹವನ್ನು ತಿದ್ದಿಕೊಡುತ್ತೇನೆಂದೆ. ಅವರು ಒಪ್ಪಲಿಲ್ಲ. ಅಳಿಸುವುದನ್ನೆಲ್ಲ ಶಾಲೆಯ ಹಲಗೆಯ ಮೇಲೆ ಇಟ್ಟುಕೊಳ್ಳಿ, ನನ್ನ ಗೋಡೆಗೆ ತರಬೇಡಿ ಎಂದರು. ಊರೂ ಅವರ ಪಕ್ಷವನ್ನೇ ಹಿಡಿಯಿತು. ಮಂಜಯ್ಯ ಎಷ್ಟೋ ಜನರಿಗೆ ತಾನು ಸುಕಾಣಿಯೆಂದು ಹೇಳಿ ನೋಡಿದ. ದೊಡ್ಡವರು ಹಾಗೆಯೇ ಹೇಳಿಕೊಳ್ಳುತ್ತಾರೆಂದು ಜನ ಮತ್ತಷ್ಟು ಗೌರವಿಸಿದರು. ಸುಳ್ಳನ್ನು ನಂಬಿಸಲು ಅವನು ಒಂದು ದಿನವೂ ಕಷ್ಟಪಟ್ಟಿರಲಿಲ್ಲ. ಸತ್ಯವನ್ನು ನಂಬಿಸಲು ಐದು ವರ್ಷ ಹೆಣಗಿ ಸೋತು ಬಿಟ್ಟುಬಿಟ್ಟ.

೧೯೬೮ರಲ್ಲಿ ಅವರು ಹಡಗಿನ ಕೆಲಸ ಬಿಟ್ಟು ಊರಿಗೆ ಬಂದರು. ಈಗ ನಾಲ್ಕು ವರ್ಷಗಳಿಂದ ಕುಂದಾಪುರಕ್ಕೂ ಗಂಗೊಳ್ಳಿಗೂ ನಡುವೆ ಹೊಳೆ ದಾಟಿಸುವ ಲಾಂಚಿನಲ್ಲಿ ಚಕ್ರ ಹಿಡಿಯುತ್ತಾರೆ. ಅದರಲ್ಲಿ ಎಡಕ್ಕೆ ಬಲಕ್ಕೆ ಎನ್ನುವವರು ಬೇರೆ ಯಾರೂ ಇಲ್ಲ, ಆದುದರಿಂದ ನಾನು ಬರೆದದ್ದು ಏಳು ವರ್ಷ ತಡವಾಗಿಯಾದರೂ ನಿಜವಾಯಿತೆನ್ನಬೇಕು. ಫುರ್ತಾದೊ ಅವರ ಟೊಪ್ಪಿ ಚಕ್ರದ ಮೇಲಿನ ಮೊಳೆಯಲ್ಲಿ ತೂಗುತ್ತಿರುತ್ತದೆ. ಅದನ್ನು ಅವರು ಹಾಕಿಕೊಂಡದ್ದನ್ನು ನಾನು ನೋಡಿಲ್ಲ. ಕುಸುಮಾವತಿ ಬುತ್ತಿಯನ್ನು ಅದರೊಳಗಿಟ್ಟು ಕಳುಹಿಸಿದ್ದನ್ನು ನೋಡಿದ್ದೇನೆ.

ನಿವೃತ್ತನಾದ ಮೇಲೆ ಪಿಂಚಣಿಗಾಗಿ ತಿಂಗಳಿಗೊಮ್ಮೆ ನಾನು ಆ ಲಾಂಚಿನಲ್ಲಿ ದಾಟುತ್ತೇನೆ. ಕಳೆದ ಸೋಮವಾರವೂ ದಾಟಿದೆ. ಗಂಗೊಳ್ಳಿಯ ದಡದಲ್ಲಿಯೂ ಒಂದು ಬೊಬ್ಬರ್ಯನ ಕಟ್ಟೆಯಿದೆ. ಅದು ಎದುರಾದಾಗ ದೋಣಿಗಳೆಲ್ಲ ಮೂತಿ ತಿರುಗಿಸಿದುವು. ಶೆಟ್ಟರು ಒಂದು ಕೈಯನ್ನು ಎದೆಗಿಟ್ಟುಕೊಂಡು, ಇನ್ನೊಂದರಿಂದ ಚಕ್ರವನ್ನು ಬಿಗಿಯಾಗಿ ಹಿಡಿದು, ಲಾಂಚನ್ನು ನೇರವಾಗಿಯೇ ನಡೆಸಿದರು. ಬುಟ್ಟಿಯೊಡನೆ ಕುಳಿತಿದ್ದ ಅಕ್ಕುವಿಗೆ ಅದು ಸರಿಬರಲಿಲ್ಲ.

"ಒಂಚೂರ್ ತಿರ್ಗ್ಸಿರೆ ಎಂತ ಆತ್ತ್, ಕ್ಯಾಪ್ಟನ್ರೇ? ಅವ ಬೇಜಾರ್ ಮಾಡ್ಕಂಡ್ರೆ?"

"ಮಾಡ್ಕಣ್ತಿಲ್ಲ, ಅಕ್ಕು" ಎಂದರು ಮಂಜಯ್ಯ ಶೆಟ್ಟರು, ಮುಂದಿನ ನೀರಿನಿಂದ ಕಣ್ಣು ತೆಗೆಯದೆ. "ಅವಂಗ್ ನನ್ ಗುರ್ತ ಇತ್ತ್."